ಟ್ರ್ಯಾಕ್ ಡೇ: ಸಂಜೆ ಮನೆಗೆ ಮರಳಬೇಕಾದ ಕಾರು

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಚೆನ್ನೈ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಶ್ರೀಪೆರಂಬುದೂರು ಕಳೆದ ಸ್ವಲ್ಪ ಹೊತ್ತಿಗೆ ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಸುತ್ತಮುತ್ತ ಕಾರ್ಖಾನೆಗಳೇ ತುಂಬಿರುವ ಈ ಊರಿನಲ್ಲಿ ದೇಶದ ಹಳೆಯ ಶಾಶ್ವತ ರೇಸ್ ಟ್ರ್ಯಾಕ್ ಇದೆ. ವಾರವೆಲ್ಲ ಕಚೇರಿಗೂ ಮಕ್ಕಳ ಶಾಲೆಗೂ ಓಡಾಡುವ ಕಾರನ್ನೇ ಒಂದು ದಿನದ ಮಟ್ಟಿಗೆ ಅಲ್ಲಿಗೆ ಕೊಂಡೊಯ್ದು, ರಸ್ತೆಯಲ್ಲಿ ತೋರಿಸಲಾಗದ ವೇಗವನ್ನು ಅಲ್ಲಿ ತೋರಿಸಿ, ಸಂಜೆ ಅದೇ ಕಾರಿನಲ್ಲಿ ಮನೆಗೆ ಮರಳುವ ಹವ್ಯಾಸವೊಂದು ಕಳೆದ ಎರಡು ದಶಕಗಳಲ್ಲಿ ದಕ್ಷಿಣ ಭಾರತದ ನಗರಗಳಲ್ಲಿ ಬೆಳೆದು ನಿಂತಿದೆ. ಅದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು.

ಈ ಹವ್ಯಾಸಕ್ಕೆ ಇಳಿಯುವವರಲ್ಲಿ ಹಲವರು ಮೊದಲು ಮಾಡುವ ಕೆಲಸವೆಂದರೆ ಕಾರಿನ ಎಂಜಿನ್ ಶಕ್ತಿಯನ್ನು ಹೆಚ್ಚಿಸುವುದು. ಆದರೆ ರಸ್ತೆಯ ಕಾರೊಂದು ಟ್ರ್ಯಾಕ್ ಮೇಲೆ ಸೋಲುವುದು ಸಾಮಾನ್ಯವಾಗಿ ಶಕ್ತಿಯ ಕೊರತೆಯಿಂದಲ್ಲ, ಶಾಖದಿಂದ. ಮೊದಲು ಬ್ರೇಕ್, ನಂತರ ಟೈರ್, ಆಮೇಲೆ ಎಣ್ಣೆ, ಕೊನೆಗೆ ಚಾಲಕ ಎಂಬುದು ಸೋಲಿನ ಸಾಮಾನ್ಯ ಕ್ರಮ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಟ್ರ್ಯಾಕ್‌ಗಾಗಿ ಮಾಡಿದ ಪ್ರತಿಯೊಂದು ಬದಲಾವಣೆಯೂ ಮರಳುವ ದಾರಿಯಲ್ಲಿ ಕಾರಿನೊಂದಿಗೇ ಇರುತ್ತದೆ. ಟ್ರ್ಯಾಕ್‌ನಲ್ಲಿ ಪ್ರಾಣ ಕಾಯುವ ವಸ್ತು ಹೆದ್ದಾರಿಯಲ್ಲಿ ಪ್ರಾಣಕ್ಕೆ ಎರವಾಗಬಹುದು.

ಟ್ರ್ಯಾಕ್ ಡೇ ಎಂದರೇನು?

ಟ್ರ್ಯಾಕ್ ಡೇ ರೇಸ್ ಅಲ್ಲ. ಇಲ್ಲಿ ಸ್ಥಾನಗಳಿಲ್ಲ, ಬಹುಮಾನವಿಲ್ಲ, ಯಾರನ್ನೂ ಸೋಲಿಸಬೇಕಾಗಿಲ್ಲ. ಟ್ರ್ಯಾಕ್ ಅನ್ನು ದಿನದ ಬಾಡಿಗೆಗೆ ಪಡೆದ ಸಂಘಟಕರು ಶುಲ್ಕ ಪಡೆದು, ಕಾರುಗಳನ್ನು ಚಾಲಕರ ಅನುಭವಕ್ಕೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಹದಿನೈದು–ಇಪ್ಪತ್ತು ನಿಮಿಷಗಳ ಅವಧಿಗಳನ್ನು ಹಂಚುತ್ತಾರೆ. ಸ್ಪರ್ಧೆಗೆ ಬೇಕಾಗುವ ಪರವಾನಗಿ ಇಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ, ಹೆಲ್ಮೆಟ್ ಮತ್ತು ತಪಾಸಣೆಯಲ್ಲಿ ತೇರ್ಗಡೆಯಾದ ಕಾರು ಇದ್ದರೆ ಸಾಕು. ಅಪಾಯಕ್ಕೆ ತಾನೇ ಹೊಣೆ ಎಂಬ ಮುಚ್ಚಳಿಕೆಗೆ ಚಾಲಕ ಸಹಿ ಹಾಕಬೇಕಾಗುತ್ತದೆ. ಟ್ರ್ಯಾಕ್ ಪಕ್ಕದ ತಡೆಗೋಡೆಗೆ ಹಾನಿಯಾದಲ್ಲಿ ಅದರ ದುರಸ್ತಿಯ ವೆಚ್ಚವನ್ನು ಚಾಲಕನಿಂದಲೇ ವಸೂಲು ಮಾಡುವ ಷರತ್ತೂ ಹಲವೆಡೆ ಇರುತ್ತದೆ. ಸಹಿ ಹಾಕುವ ಮೊದಲು ಆ ಕಾಗದವನ್ನು ಓದುವುದು ಒಳಿತು.

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಈ ಬಗೆಯ ಚಾಲನೆಗೆ ಜಗತ್ಪ್ರಸಿದ್ಧ. 1927ರಲ್ಲಿ ಆರಂಭವಾದ, ಸುಮಾರು 20.8 ಕಿ.ಮೀ. ಉದ್ದದ ಅದರ ಉತ್ತರ ಸುತ್ತಿನಲ್ಲಿ ನಿಗದಿತ ದಿನಗಳಂದು ಯಾರು ಬೇಕಾದರೂ ಹಣ ತೆತ್ತು ತಮ್ಮ ಕಾರು ಓಡಿಸಬಹುದು. ಆದರೆ ಆಗಲೂ ಅಲ್ಲಿ ಜರ್ಮನಿಯ ಸಂಚಾರ ನಿಯಮಗಳೇ ಅನ್ವಯಿಸುತ್ತವೆ, ಬಲಬದಿಯಿಂದ ಹಿಂದಿಕ್ಕುವಂತಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ಸುಂಕ ತೆತ್ತು ಪ್ರವೇಶಿಸುವ ಏಕಮುಖ ರಸ್ತೆ. ಟ್ರ್ಯಾಕ್ ಡೇ ಇದಕ್ಕಿಂತ ಬೇರೆ. ಇಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ. ನಿಯಮಗಳು ಸಂಘಟಕರವು, ಬಾವುಟಗಳು ಮಾರ್ಷಲ್‌ಗಳವು.

ಭಾರತದಲ್ಲಿ ಎಲ್ಲೆಲ್ಲಿ?

ಚೆನ್ನೈನ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದ ಶೋಳವರಂ ವಿಮಾನ ಪಟ್ಟಿಯ ಮೇಲೆ ದಶಕಗಳ ಕಾಲ ರೇಸ್ ನಡೆಸಿದ ನಂತರ, ಇರುಂಗಾಟ್ಟುಕೋಟ್ಟೈಯಲ್ಲಿ ಕ್ಲಬ್ ಕಟ್ಟಿಸಿದ ಟ್ರ್ಯಾಕ್ 1990ರಲ್ಲಿ ಆರಂಭವಾಯಿತು. ಅದರ ಪೂರ್ಣ ಸುತ್ತು 3.717 ಕಿ.ಮೀ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 300 ಕಿ.ಮೀ. ದಾರಿ.

ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ 2003ರಲ್ಲಿ ಆರಂಭವಾಯಿತು. ಸುಮಾರು 2.1 ಕಿ.ಮೀ. ಉದ್ದದ ಈ ಟ್ರ್ಯಾಕ್‌ಗೆ, ಭಾರತದಲ್ಲಿ ಕಡಿಮೆ ಖರ್ಚಿನ ರೇಸ್ ಕಾರುಗಳನ್ನು ರೂಪಿಸಿ ಅನೇಕ ಯುವ ಚಾಲಕರಿಗೆ ದಾರಿ ಮಾಡಿಕೊಟ್ಟ ಎಸ್. ಕರಿವರ್ಧನ್ ಅವರ ಹೆಸರಿಡಲಾಗಿದೆ. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ನಿಧನರಾದರು. ಉತ್ತರದಲ್ಲಿ, ಗ್ರೇಟರ್ ನೋಯ್ಡಾದ ಬುದ್ಧ ಅಂತಾರಾಷ್ಟ್ರೀಯ ಸರ್ಕೀಟ್ 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ಸ್ಪರ್ಧೆಗೆ ಆತಿಥ್ಯ ವಹಿಸಿತ್ತು. ಅದರ ಸುತ್ತು 5 ಕಿ.ಮೀ.ಗೂ ಅಧಿಕ, ನೇರ ಹಾದಿಯೊಂದೇ ಒಂದು ಕಿ.ಮೀ. ಮೀರುತ್ತದೆ.

ಕಾರು ಒಂದೇ ಆದರೂ ಟ್ರ್ಯಾಕ್ ಬದಲಾದಂತೆ ಅದರ ಮೇಲೆ ಬೀಳುವ ಹೊರೆಯೂ ಬದಲಾಗುತ್ತದೆ. ಉದ್ದನೆಯ ನೇರ ಹಾದಿಯ ಕೊನೆಯಲ್ಲಿ ಬ್ರೇಕ್‌ಗೆ ಒಂದೇ ಬಾರಿಗೆ ದೊಡ್ಡ ಪೆಟ್ಟು ಬಿದ್ದು, ಮುಂದಿನ ಪೆಟ್ಟಿನವರೆಗೆ ಆರಲು ಸಮಯ ಸಿಗುತ್ತದೆ. ಚಿಕ್ಕ ಟ್ರ್ಯಾಕ್‌ನಲ್ಲಿ ಪೆಟ್ಟು ಸಣ್ಣದು, ಆದರೆ ಆರಲು ಪುರುಸೊತ್ತಿಲ್ಲ.

ಮೊದಲ ಮಿತಿ: ಬ್ರೇಕ್

ಓಡುವ ಕಾರಿನಲ್ಲಿ ಅಡಗಿರುವ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಶಾಲೆಯ ಭೌತಶಾಸ್ತ್ರದ ಪಾಠ. 1,200 ಕಿ.ಗ್ರಾಂ. ತೂಕದ ಕಾರು ಗಂಟೆಗೆ 144 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಶಕ್ತಿ 960 ಕಿಲೋಜೂಲ್. ವೇಗ ಅರ್ಧಕ್ಕೆ, ಅಂದರೆ 72 ಕಿ.ಮೀ.ಗೆ ಇಳಿದಾಗ ಉಳಿಯುವುದು 240 ಮಾತ್ರ. ನಡುವಿನ 720 ಕಿಲೋಜೂಲ್‌ನ ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ಬ್ರೇಕ್ ಡಿಸ್ಕ್‌ಗಳಲ್ಲಿ ಶಾಖವಾಗಬೇಕು. ಅಷ್ಟು ಶಾಖ ಎರಡು ಲೀಟರ್‌ಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಒಂದು ಸುತ್ತಿನಲ್ಲಿ ಇಂತಹ ನಾಲ್ಕು ತಿರುವುಗಳಿದ್ದರೆ ಹತ್ತು ಸುತ್ತಿಗೆ ನಲವತ್ತು ಬಾರಿ ಈ ಕ್ರಿಯೆ ನಡೆಯುತ್ತದೆ. ಘಾಟಿ ಇಳಿಯುವಾಗಲೂ ರಸ್ತೆಯ ಕಾರಿನ ಬ್ರೇಕ್ ಇಷ್ಟು ದಣಿಯುವುದಿಲ್ಲ.

ಎಂಜಿನ್ ಶಕ್ತಿ ಹೆಚ್ಚಿಸಿದರೆ ಆಗುವುದೇನು? ನೇರ ಹಾದಿಯ ತುದಿಯಲ್ಲಿ 140 ಕಿ.ಮೀ. ತಲುಪುತ್ತಿದ್ದ ಕಾರು 150 ತಲುಪಿತು ಎಂದುಕೊಳ್ಳೋಣ. ವೇಗ ಏರಿದ್ದು ಶೇ 7ರಷ್ಟು; ಕಾರಿನಲ್ಲಿನ ಶಕ್ತಿ ಏರಿದ್ದು ಸುಮಾರು ಶೇ 15ರಷ್ಟು. ಮೊದಲೇ ಬಸವಳಿದಿದ್ದ ಬ್ರೇಕ್‌ಗೆ ಮತ್ತಷ್ಟು ಹೊರೆ. ಲಗಾಮು ಗಟ್ಟಿಯಿಲ್ಲದ ಕುದುರೆಗೆ ಹುರುಳಿ ತಿನ್ನಿಸಿದಂತೆ ಇದು.

ಬ್ರೇಕ್ ಸೋಲುವುದರಲ್ಲಿ ಎರಡು ಬಗೆಯಿದೆ. ಎರಡರ ಲಕ್ಷಣವೂ ಚಾಲಕನ ಪಾದಕ್ಕೆ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ಒತ್ತಿದರೂ ಕಾರು ನಿಧಾನವಾಗದಿದ್ದರೆ ಪ್ಯಾಡ್‌ಗಳು ತಮ್ಮ ಶಾಖದ ಮಿತಿ ಮೀರಿ ಹಿಡಿತ ಕಳೆದುಕೊಂಡಿವೆ ಎಂದರ್ಥ. ಪೆಡಲ್ ಮೆತ್ತಗಾಗಿ ನೆಲದತ್ತ ಇಳಿದರೆ ಬ್ರೇಕ್ ಆಯಿಲ್ ಕುದಿದಿದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದರೆ ಕುದಿದು ಹುಟ್ಟಿದ ಆವಿ ಕುಗ್ಗುತ್ತದೆ. ಪಾದದ ಬಲವೆಲ್ಲ ಆ ಗುಳ್ಳೆಗಳನ್ನು ಒತ್ತುವುದರಲ್ಲೇ ವ್ಯಯವಾಗಿ ಚಕ್ರಕ್ಕೆ ತಲುಪುವುದಿಲ್ಲ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಬಹುಮಟ್ಟಿಗೆ ಮುನ್ಸೂಚನೆಯಿಲ್ಲದೆ ಬರುತ್ತದೆ. ಆಗ ಪೆಡಲ್ ಅನ್ನು ಪದೇ ಪದೇ ಒತ್ತಿ ಬಿಡುತ್ತ, ಗೇರ್ ಇಳಿಸುತ್ತ, ವೇಗ ತಗ್ಗಿಸಿಕೊಂಡು ಪಿಟ್‌ಗೆ ಮರಳುವುದೊಂದೇ ದಾರಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರುವ ಗುಣ ಹೊಂದಿದೆ. ಆದ್ದರಿಂದಲೇ ಮಾನದಂಡಗಳಲ್ಲಿ ಎರಡು ಕುದಿಬಿಂದುಗಳನ್ನು ಹೇಳಲಾಗುತ್ತದೆ. ಡಾಟ್ 3 ದರ್ಜೆಯ ದ್ರವ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಾಳಬೇಕು, ತೇವಾಂಶ ಹೀರಿದ ಮೇಲೆ 140. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಮೂರು ವರ್ಷ ಬದಲಿಸದ ಡಾಟ್ 4 ದ್ರವಕ್ಕಿಂತ ನಿನ್ನೆ ತುಂಬಿಸಿದ ಡಾಟ್ 3 ದ್ರವವೇ ಮೇಲಾಗಬಹುದು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಟ್ರ್ಯಾಕ್ ಡೇಗೆ ಹೊರಡುವ ವಾರ ಬ್ರೇಕ್ ಆಯಿಲ್ ಬದಲಿಸುವುದು ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತ ಸಿದ್ಧತೆ.

ಎರಡನೆಯ ಸಿದ್ಧತೆ ಪ್ಯಾಡ್. ಹೆಚ್ಚಿನ ಶಾಖ ತಾಳುವ ಪ್ಯಾಡ್‌ಗಳು ಮಾರುಕಟ್ಟೆಯಲ್ಲಿ ಲಭ್ಯ. ಆದರೆ ಸಂಪೂರ್ಣವಾಗಿ ರೇಸ್‌ಗೆಂದೇ ತಯಾರಾದ ಪ್ಯಾಡ್‌ಗಳು ಬಿಸಿಯಾದ ಮೇಲಷ್ಟೇ ಸರಿಯಾಗಿ ಹಿಡಿಯುತ್ತವೆ. ಟ್ರ್ಯಾಕ್‌ನಲ್ಲಿ ಗುಣವೆನಿಸುವ ಇದು ಮನೆಗೆ ಮರಳುವಾಗ ದೋಷವಾಗುತ್ತದೆ: ಅರ್ಧ ಗಂಟೆ ಬ್ರೇಕ್ ಮುಟ್ಟದೆ ಹೆದ್ದಾರಿಯಲ್ಲಿ ಸಾಗಿದ ಬಳಿಕ ಎದುರಿಗೆ ಏಕಾಏಕಿ ದನವೋ ದ್ವಿಚಕ್ರ ವಾಹನವೋ ಬಂದರೆ, ತಣ್ಣಗಿರುವ ರೇಸ್ ಪ್ಯಾಡ್ ಕಂಪನಿ ಕೊಟ್ಟ ಪ್ಯಾಡ್‌ನಷ್ಟು ಚುರುಕಾಗಿ ಹಿಡಿಯದು. ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಹೊಂದುವ ಮಧ್ಯಮ ದರ್ಜೆಯ ಪ್ಯಾಡ್ ಆರಿಸುವುದು, ಇಲ್ಲವೇ ಟ್ರ್ಯಾಕ್‌ನಲ್ಲೇ ಪ್ಯಾಡ್ ಬದಲಿಸಿ ಹೊರಡುವುದು ಲೇಸು.

ಟೈರ್: ಗಾಳಿಯ ಲೆಕ್ಕಾಚಾರ

ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲುವುದು ಇವೆಲ್ಲವೂ ನಡೆಯುವುದು ಟೈರ್ ನೆಲಕ್ಕೆ ತಾಗುವ, ಹೆಚ್ಚೆಂದರೆ ಅಂಗೈಯಗಲದ ನಾಲ್ಕು ತಾಣಗಳಲ್ಲಿ. ಸವೆದ ಟೈರ್, ಪಕ್ಕದಲ್ಲಿ ಉಬ್ಬಿದ ಟೈರ್, ವರ್ಷಗಟ್ಟಲೆ ಹಳೆಯದಾಗಿ ಗಟ್ಟಿಯಾದ ಟೈರ್ ಹೊತ್ತ ಕಾರನ್ನು ತಪಾಸಣೆಯಲ್ಲೇ ತಿರಸ್ಕರಿಸಲಾಗುತ್ತದೆ.

ಹೆಚ್ಚಿನವರು ಲಕ್ಷ್ಯ ಕೊಡದ ಸಂಗತಿ ಟೈರಿನ ಗಾಳಿ. 30 ಡಿಗ್ರಿ ಉಷ್ಣಾಂಶದಲ್ಲಿ 30 ಪಿಎಸ್‌ಐ ತುಂಬಿಸಿದ ಟೈರಿನೊಳಗಿನ ಗಾಳಿ ಟ್ರ್ಯಾಕ್ ಮೇಲೆ 80 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು 37ಕ್ಕೆ ಏರುತ್ತದೆ. ಟೈರು ಉಬ್ಬಿ, ನೆಲ ಹಿಡಿಯುವ ಭಾಗ ಕಿರಿದಾಗುತ್ತದೆ, ಕಾರು ಜಾರತೊಡಗುತ್ತದೆ. ಹಾಗಾಗಿ ಚಾಲಕರು ಅವಧಿಯ ನಡುವೆ ಬಿಸಿ ಟೈರಿನಿಂದ ಗಾಳಿ ಬಿಡುತ್ತಾರೆ. ಇದು ಸರಿಯಾದ ಕ್ರಮವೇ. ಆದರೆ ಬಿಸಿಯಲ್ಲಿ 32ಕ್ಕೆ ಇಳಿಸಿದ ಅದೇ ಟೈರು ಸಂಜೆ ಮತ್ತೆ 30 ಡಿಗ್ರಿಗೆ ತಣ್ಣಗಾದಾಗ ಅದರಲ್ಲಿ ಉಳಿಯುವುದು ಸುಮಾರು 25 ಪಿಎಸ್‌ಐ ಮಾತ್ರ. ಕಡಿಮೆ ಗಾಳಿಯ ಟೈರಿನ ಪಕ್ಕೆಗಳು ಮಡಚಿ ಬಿಚ್ಚಿಕೊಳ್ಳುತ್ತ ಒಳಗೊಳಗೇ ಕಾಯುತ್ತವೆ. ಸಾಮಾನು ತುಂಬಿದ ಕಾರಿನಲ್ಲಿ, ಹೆದ್ದಾರಿಯ ವೇಗದಲ್ಲಿ, 300 ಕಿ.ಮೀ. ಪ್ರಯಾಣದಲ್ಲಿ ಅದು ಸಿಡಿಯಲು ಇಷ್ಟು ಕಾರಣ ಸಾಕು. ಮರಳುವ ಮುನ್ನ, ಟೈರು ತಣಿದ ಮೇಲೆ, ಕಾರಿನ ಬಾಗಿಲ ಚೌಕಟ್ಟಿನಲ್ಲಿ ಬರೆದಿರುವ ಪ್ರಮಾಣಕ್ಕೆ ಗಾಳಿ ತುಂಬಿಸಲೇಬೇಕು. ಸ್ಟೆಪ್ನಿಯನ್ನು ತೂಕ ಇಳಿಸುವ ಸಲುವಾಗಿ ಮನೆಯಲ್ಲೇ ಬಿಟ್ಟು ಬಂದವರು ಈ ಹಂತದಲ್ಲಿ ಪರಿತಪಿಸುತ್ತಾರೆ.

ತೋಡುಗಳು ಕಡಿಮೆಯಿರುವ, ಮೃದು ರಬ್ಬರಿನ ಅರೆ-ರೇಸ್ ಟೈರ್‌ಗಳು ಒಣ ಟ್ರ್ಯಾಕ್‌ನಲ್ಲಿ ಅದ್ಭುತ ಹಿಡಿತ ನೀಡುತ್ತವೆ. ನೀರು ಹೊರಹಾಕುವ ತೋಡುಗಳೇ ಕಡಿಮೆಯಿರುವ ಕಾರಣ ಮಳೆಯಲ್ಲಿ ಅವು ನೀರಿನ ಪದರದ ಮೇಲೆ ತೇಲಿ ಹಿಡಿತ ಕಳೆದುಕೊಳ್ಳುತ್ತವೆ. ಈಶಾನ್ಯ ಮಾರುತದ ಮಳೆಗಾಲದಲ್ಲಿ ಚೆನ್ನೈ ಕಡೆಯಿಂದ ಮರಳುವವರು ಇದನ್ನು ಮರೆಯಬಾರದು.

ಎಂಜಿನ್ ಮತ್ತು ಎಣ್ಣೆ

ಟರ್ಬೊ ಅಳವಡಿಸಿದ ಕಾರುಗಳಲ್ಲಿ ಎಂಜಿನ್‌ನ ಕಂಪ್ಯೂಟರ್‌ಗೆ ಹೊಸ ತಂತ್ರಾಂಶ ತುಂಬಿ ಶಕ್ತಿ ಹೆಚ್ಚಿಸುವುದು ಇಂದು ಬಹು ಸಾಮಾನ್ಯ. ಹೆದ್ದಾರಿಯಲ್ಲಿ ಒಮ್ಮೆ ಹಿಂದಿಕ್ಕಲು ಹತ್ತು ಸೆಕೆಂಡು ಆ ಶಕ್ತಿ ಬಳಸುವುದು ಬೇರೆ, ಹದಿನೈದು ನಿಮಿಷ ಎಡೆಬಿಡದೆ ಬಳಸುವುದು ಬೇರೆ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ತಾನೇ ಕಾದುಹೋದಾಗ ಎಂಜಿನ್ ಒಳಗೆ ಹೋಗುವ ಗಾಳಿಯೂ ಬಿಸಿಯಾಗುತ್ತದೆ. ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ‘ನಾಕಿಂಗ್’ ಅಪಾಯ ಹೆಚ್ಚುತ್ತದೆ. ಹಾನಿ ತಪ್ಪಿಸಲು ಕಂಪ್ಯೂಟರ್ ತಾನಾಗಿ ಶಕ್ತಿಯನ್ನು ತಗ್ಗಿಸುತ್ತದೆ. ಹಣ ಕೊಟ್ಟು ಪಡೆದ ಶಕ್ತಿ ಮೂರನೆಯ ಸುತ್ತಿಗೇ ಮಾಯವಾಗುವುದು ಹೀಗೆ. ಹೊಸ ತಂತ್ರಾಂಶದಲ್ಲಿ ಈ ರಕ್ಷಣೆಯನ್ನೇ ಸಡಿಲಿಸಿದ್ದರೆ ಮಾಯವಾಗುವುದು ಶಕ್ತಿಯಲ್ಲ, ಎಂಜಿನ್.

ಎಂಜಿನ್ ಎಣ್ಣೆಯ ವಿಚಾರವೂ ಅಷ್ಟೇ ಗಂಭೀರ. ಉದ್ದನೆಯ ತಿರುವಿನಲ್ಲಿ ತಳದ ತೊಟ್ಟಿಯಲ್ಲಿರುವ ಎಣ್ಣೆ ಒಂದು ಬದಿಗೆ ಸರಿಯುತ್ತದೆ. ಎಣ್ಣೆ ಹೀರುವ ಕೊಳವೆ ಕ್ಷಣಕಾಲ ಗಾಳಿ ಹೀರಿದರೂ ಬೇರಿಂಗ್‌ಗಳಿಗೆ ಪೆಟ್ಟು. ಹಿಡಿತ ಹೆಚ್ಚಿರುವ ಟೈರ್ ಹಾಕಿದಷ್ಟೂ ತಿರುವಿನ ಬಲ ಹೆಚ್ಚಿ ಈ ಅಪಾಯ ಏರುತ್ತದೆ. ಎಣ್ಣೆಯ ಮಟ್ಟ ಅಳತೆಕಡ್ಡಿಯ ಮೇಲಿನ ಗುರುತಿನ ಹತ್ತಿರವಿರಬೇಕು, ಅದನ್ನು ಮೀರಬಾರದು. ಪ್ರತಿ ಅವಧಿಯ ಬಳಿಕ ಎಂಜಿನ್ ತಣಿದ ಮೇಲೆ ಅದನ್ನು ನೋಡಬೇಕು.

ಸೀಟ್ ಬೆಲ್ಟ್, ರೋಲ್ ಕೇಜ್, ಸ್ಪ್ರಿಂಗ್

ಸುರಕ್ಷತೆಯ ಹೆಸರಿನಲ್ಲಿ ಅಳವಡಿಸುವ ಉಪಕರಣಗಳೇ ಅಪಾಯ ತರುವುದುಂಟು. ಕಾರು ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಚೌಕಟ್ಟು, ಅಂದರೆ ರೋಲ್ ಕೇಜ್, ಹೆಲ್ಮೆಟ್ ಧರಿಸಿ ಬಿಗಿಯಾದ ಬೆಲ್ಟ್‌ನಲ್ಲಿ ಕುಳಿತ ಚಾಲಕನಿಗೆ ರಕ್ಷಾಕವಚ. ಅದೇ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವಾಗ ಸಣ್ಣ ಡಿಕ್ಕಿಯಲ್ಲೂ ತಲೆ ಆ ಉಕ್ಕಿನ ಕೊಳವೆಗೆ ಬಡಿಯಬಹುದು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸುವ ಕಾರಿಗೆ ಅದು ತಕ್ಕದ್ದಲ್ಲ.

ಭುಜಗಳೆರಡನ್ನೂ ಬಿಗಿಯುವ ರೇಸ್ ಬೆಲ್ಟ್ ಕೂಡ ಹಾಗೆಯೇ. ಸಾಮಾನ್ಯ ಸೀಟಿಗೆ ಅದನ್ನು ತೊಡಿಸಿದರೆ ಡಿಕ್ಕಿಯಲ್ಲಿ ದೇಹ ಸೊಂಟದ ಪಟ್ಟಿಯ ಅಡಿಯಿಂದ ಮುಂದಕ್ಕೆ ನುಸುಳಿ ಹೊಟ್ಟೆಗೆ ಗಾಯವಾಗುವ ಭೀತಿಯಿದೆ. ಸೀಟು, ಬೆಲ್ಟ್, ಚೌಕಟ್ಟು, ಕುತ್ತಿಗೆ ಕಾಯುವ ಸಾಧನ ಎಲ್ಲವೂ ಒಂದು ಗುಂಪಾಗಿ ಕೆಲಸ ಮಾಡುವಂತೆ ರೂಪುಗೊಂಡಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ತಂದು ಜೋಡಿಸುವುದಕ್ಕಿಂತ ಕಂಪನಿ ನೀಡಿದ ಮೂರು ಬಿಂದುಗಳ ಬೆಲ್ಟ್ ಮತ್ತು ಗಾಳಿಚೀಲಗಳೇ ರಸ್ತೆ ಕಾರಿಗೆ ಸುರಕ್ಷಿತ.

ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು ಇನ್ನೂ ಕೆಟ್ಟ ಪದ್ಧತಿ. ತಗ್ಗಿದ ಕಾರಿನ ಚಕ್ರಗಳಿಗೆ ಮೇಲೆ ಕೆಳಗೆ ಆಡಲು ಜಾಗವಿಲ್ಲದೆ ತಿರುವಿನ ಮಧ್ಯೆ ಸಣ್ಣ ಉಬ್ಬು ಸಿಕ್ಕರೂ ಟೈರು ನೆಲ ಬಿಡುತ್ತದೆ. ಮನೆಯ ರಸ್ತೆಯ ಹಂಪ್‌ಗಳು ಕಾರಿನ ತಳಕ್ಕೆ ಏನು ಮಾಡುತ್ತವೆ ಎಂಬುದನ್ನು ಬೆಂಗಳೂರಿಗರಿಗೆ ವಿವರಿಸಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳ ಹೈಕೋರ್ಟ್ ನೀಡಿದ್ದ ಸಡಿಲ ವ್ಯಾಖ್ಯಾನವನ್ನು ತಳ್ಳಿಹಾಕಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷ ಆದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅನ್ವಯ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಬೇರೆ ಎಂಜಿನ್ ಕೂರಿಸುವುದು, ದೇಹದ ರಚನೆ ಬದಲಿಸುವುದು ಸ್ಪಷ್ಟವಾಗಿ ಇದರ ವ್ಯಾಪ್ತಿಗೆ ಬರುತ್ತವೆ. ಅಬ್ಬರದ ಸೈಲೆನ್ಸರ್ ಶಬ್ದಮಿತಿಯ ನಿಯಮಗಳನ್ನೂ ಮುರಿಯುತ್ತದೆ. ಬ್ರೇಕ್ ಆಯಿಲ್, ಉತ್ತಮ ಪ್ಯಾಡ್, ಕಂಪನಿ ಸೂಚಿಸಿದ ಅಳತೆಯದೇ ಆದ ಒಳ್ಳೆಯ ಟೈರ್ ಇವು ಇಂತಹ ತೊಡಕಿಗೆ ಸಿಲುಕುವುದಿಲ್ಲ. ಟ್ರ್ಯಾಕ್‌ನಲ್ಲಿ ಹೆಚ್ಚು ಪ್ರಯೋಜನ ಕೊಡುವುದೂ ಇವೇ ಎಂಬುದು ಗಮನಾರ್ಹ.

ಟ್ರ್ಯಾಕ್‌ನ ಗೇಟಿನೊಳಗೆ ಪೊಲೀಸರ ಭಯವಿಲ್ಲ ಎಂಬ ಮಾತು ಅರ್ಧ ಸತ್ಯ. ಕಾರು ಲಾರಿಯ ಮೇಲೆ ಬಾರದೆ ತನ್ನ ಚಕ್ರಗಳ ಮೇಲೆಯೇ ಬಂದಿದ್ದರೆ ಗೇಟಿನ ಹೊರಗಿನ ಅಷ್ಟೂ ದೂರ ಕಾಯ್ದೆಗೆ ಒಳಪಟ್ಟೇ ಬಂದಿದೆ, ಒಳಪಟ್ಟೇ ಮರಳಬೇಕು.

ವಿಮೆಯ ಕತೆ ಇದಕ್ಕಿಂತ ಕಠಿಣ. ಭಾರತದ ಖಾಸಗಿ ಕಾರುಗಳ ವಿಮಾ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಭಾಗವಿದ್ದು, ಸಂಘಟಿತ ರೇಸ್, ವೇಗ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆಯಂತಹ ಬಳಕೆಗಳನ್ನು ರಕ್ಷಣೆಯಿಂದ ಹೊರಗಿಡಲಾಗಿದೆ. ಟ್ರ್ಯಾಕ್ ಡೇ ರೇಸ್ ಅಲ್ಲ ಎಂದು ವಾದಿಸಿದರೂ ತಡೆಗೋಡೆಗೆ ಅಪ್ಪಳಿಸಿದ ಕಾರಿಗೆ ಪರಿಹಾರ ದೊರೆಯುವುದೆಂಬ ಭರವಸೆಯಲ್ಲಿ ಇಳಿಯುವುದು ಅವಿವೇಕ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡಿದ್ದರೆ ಮರಳುವ ದಾರಿಯ ಅಪಘಾತದಲ್ಲೂ ತಕರಾರು ಏಳಬಹುದು. ಇಂದು ಈ ಕಾರು ಪೂರ್ತಿ ಹಾಳಾದರೆ ಸಾಲದ ಕಂತು ಕಟ್ಟುತ್ತ ಬಸ್ಸಿನಲ್ಲಿ ಓಡಾಡಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಹೆಸರು ನೋಂದಾಯಿಸುವ ಮುನ್ನವೇ ಕೇಳಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯ.

ಹಾಗೆಂದು ಸಾರ್ವಜನಿಕ ರಸ್ತೆ ಇದಕ್ಕೆ ಪರ್ಯಾಯವಲ್ಲ. ನಗರದ ಹೊರವಲಯದ ರಸ್ತೆಗಳಲ್ಲಿ ತಡರಾತ್ರಿ ನಡೆಯುವ ಪಂದ್ಯಗಳು ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೆ ಮೂರು ತಿಂಗಳವರೆಗಿನ ಜೈಲು ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ಮರುಕಳಿಸಿದರೆ ಒಂದು ವರ್ಷದವರೆಗಿನ ಜೈಲು ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ಟ್ರ್ಯಾಕ್‌ನಲ್ಲಿ ಚಾಲಕ ಅಪಾಯಕ್ಕೆ ಒಡ್ಡುವುದು ತನ್ನನ್ನು ಮತ್ತು ಒಪ್ಪಿ ಬಂದವರನ್ನು. ರಸ್ತೆಯಲ್ಲಿ ಒಪ್ಪಿಗೆ ಕೊಡದ ದಾರಿಹೋಕರನ್ನು.

ಟ್ರ್ಯಾಕ್ ಮೇಲಿನ ದಿನ

ಬೆಳಿಗ್ಗೆ ಕಾರಿನಿಂದ ಸಡಿಲ ವಸ್ತುಗಳನ್ನೆಲ್ಲ ಇಳಿಸಬೇಕು: ನೀರಿನ ಬಾಟಲಿ, ಜಾಕ್, ನೆಲದ ಮ್ಯಾಟ್, ಕನ್ನಡಿಗೆ ತೂಗುಬಿಟ್ಟ ಗಣಪನವರೆಗೂ. ಬ್ರೇಕ್ ಪೆಡಲ್ ಕೆಳಗೆ ಉರುಳಿದ ಒಂದು ಬಾಟಲಿ ಸಾಕು ಅನಾಹುತಕ್ಕೆ. ಚಕ್ರದ ನಟ್ಟುಗಳನ್ನು ಸರಿಯಾದ ಬಿಗಿತಕ್ಕೆ ತಿರುಗಿಸಿ ನೋಡಬೇಕು. ಕಾರನ್ನು ಎಳೆಯುವ ಕೊಕ್ಕೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಬೇಕು. ಹತ್ತಿಯ ಪೂರ್ಣ ತೋಳಿನ ಉಡುಪು, ತೆಳು ಅಟ್ಟೆಯ ಮುಚ್ಚಿದ ಪಾದರಕ್ಷೆ ಸೂಕ್ತ.

ನಂತರ ನಡೆಯುವ ವಿವರಣಾ ಸಭೆಯಲ್ಲಿ ಬಾವುಟಗಳ ಅರ್ಥ ತಿಳಿಸಲಾಗುತ್ತದೆ. ಹಳದಿ ಎಂದರೆ ಮುಂದೆ ಅಪಾಯವಿದೆ, ನಿಧಾನಿಸು, ಹಿಂದಿಕ್ಕಬೇಡ. ಕೆಂಪು ಎಂದರೆ ಅವಧಿ ನಿಂತಿದೆ, ನಿಧಾನವಾಗಿ ಪಿಟ್‌ಗೆ ಮರಳು. ನೀಲಿ ಎಂದರೆ ಹಿಂದೆ ವೇಗದ ಕಾರಿದೆ. ಹಳದಿ–ಕೆಂಪು ಪಟ್ಟೆ ಎಂದರೆ ನೆಲ ಜಾರುತ್ತಿದೆ. ಕಪ್ಪು ಬಾವುಟ ತೋರಿಸಿದ ಕಾರು ಪಿಟ್‌ಗೆ ಬರಲೇಬೇಕು. ಚೌಕುಳಿಯದು ಅವಧಿ ಮುಗಿದ ಸೂಚನೆ. ಹಿಂದಿಕ್ಕಲು ಅವಕಾಶ ಸಾಮಾನ್ಯವಾಗಿ ನಿಗದಿತ ನೇರ ಹಾದಿಗಳಲ್ಲಷ್ಟೇ, ಅದೂ ಮುಂದಿನ ಚಾಲಕ ಸನ್ನೆ ಮಾಡಿ ದಾರಿ ಬಿಟ್ಟ ಮೇಲೆ.

ತಿರುವನ್ನು ಹಾಯುವ ಕಲೆಯೇ ಟ್ರ್ಯಾಕ್ ಚಾಲನೆಯ ಸಾರ. ಹೊರಅಂಚಿನಿಂದ ಪ್ರವೇಶಿಸಿ, ಒಳಅಂಚನ್ನು ಒಂದು ಬಿಂದುವಿನಲ್ಲಿ ಮುಟ್ಟಿ, ಮತ್ತೆ ಹೊರಅಂಚಿಗೆ ಸಾಗಿದರೆ ತಿರುವಿನ ವಕ್ರತೆ ಕಡಿಮೆಯಾಗಿ ಹೆಚ್ಚು ವೇಗ ಸಾಧ್ಯ. ಬ್ರೇಕ್ ಹಾಕುವ ಕೆಲಸ ಕಾರು ನೇರವಾಗಿರುವಾಗಲೇ ಬಹುಮಟ್ಟಿಗೆ ಮುಗಿಯಬೇಕು. ಟೈರಿನ ಹಿಡಿತ ಒಂದು ಕೊಡ ನೀರಿದ್ದಂತೆ. ಬ್ರೇಕ್‌ಗೆ ಅಷ್ಟೂ ಸುರಿದರೆ ತಿರುಗಲು ಉಳಿಯುವುದಿಲ್ಲ. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಸರಿದು ಹಿಂಚಕ್ರಗಳು ಹಗುರಾಗಿ ಕಾರು ಗಿರಕಿ ಹೊಡೆಯಬಹುದು. ಅನುಭವಿ ಬೋಧಕರು ಪಕ್ಕದಲ್ಲಿ ಕುಳಿತು ಇದನ್ನು ಕಲಿಸುತ್ತಾರೆ. ಎಂಜಿನ್ ತಂತ್ರಾಂಶಕ್ಕೆ ಸುರಿಯುವ ಹಣವನ್ನು ಈ ಪಾಠಕ್ಕೆ ತೆತ್ತವನ ಸುತ್ತಿನ ಸಮಯ ಹೆಚ್ಚು ಇಳಿಯುತ್ತದೆ. ಆ ಕಲಿಕೆ ಮುಂದಿನ ಕಾರಿಗೂ ಜತೆಯಾಗುತ್ತದೆ.

ಮೊದಲ ಸುತ್ತು ಟೈರು ಮತ್ತು ಬ್ರೇಕ್ ಬಿಸಿಯಾಗಲು, ಕೊನೆಯ ಸುತ್ತು ಅವು ಆರಲು. ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡಗಟ್ಟೆ ಇಡುವುದು ರೂಢಿ. ಕಾದ ಡಿಸ್ಕನ್ನು ಕಾದ ಪ್ಯಾಡ್ ಒತ್ತಿಕೊಂಡೇ ಇದ್ದರೆ ಎರಡಕ್ಕೂ ಹಾನಿ.

ಮರಳುವ ದಾರಿ

ದಿನದ ಅಪಾಯ ಚೌಕುಳಿ ಬಾವುಟದೊಂದಿಗೆ ಮುಗಿಯುವುದಿಲ್ಲ. ಚೆನ್ನೈನ ಬಿಸಿಲಲ್ಲಿ ಹೆಲ್ಮೆಟ್ ತೊಟ್ಟು ದುಡಿದ ಚಾಲಕನ ದೇಹ ನೀರು ಕಳೆದುಕೊಂಡಿರುತ್ತದೆ, ಮನಸ್ಸು ದಣಿದಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಹೆಚ್ಚಿನ ವೇಗಕ್ಕೆ ಒಗ್ಗಿದ ಕಣ್ಣಿಗೆ ಆಮೇಲೆ ಸಾಮಾನ್ಯ ವೇಗ ತೀರಾ ನಿಧಾನವೆನಿಸುತ್ತದೆ. ಚಾಲಕ ತನಗರಿವಿಲ್ಲದೆ ವೇಗ ಹೆಚ್ಚಿಸುತ್ತಾನೆ. ಟ್ರ್ಯಾಕ್‌ನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ, ಸಭೆಯಲ್ಲಿ ಕೇಳಿದ ನಿಯಮದಂತೆ ಸಾಗುತ್ತಿದ್ದರು. ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್‌ಗೆ, ವಿಭಜಕ ಹಾರಿ ದಾಟುವ ಪಾದಚಾರಿಗೆ ಆ ನಿಯಮ ಗೊತ್ತಿಲ್ಲ.

ಆದ್ದರಿಂದ ಕೊನೆಯ ಅವಧಿಯನ್ನು ಬಿಟ್ಟುಕೊಟ್ಟು ಬೇಗ ಮುಗಿಸುವುದು, ಎಳನೀರೋ ಮಜ್ಜಿಗೆಯೋ ಕುಡಿದು ವಿಶ್ರಮಿಸುವುದು, ಸಾಧ್ಯವಾದರೆ ಆ ರಾತ್ರಿ ಅಲ್ಲೇ ಉಳಿದು ಮರುದಿನ ಹೊರಡುವುದು ಅನುಭವಿಗಳ ಕ್ರಮ. ಹೊರಡುವ ಮೊದಲು ಟೈರಿನ ಗಾಳಿ, ನಟ್ಟುಗಳ ಬಿಗಿತ, ಪ್ಯಾಡ್‌ನ ದಪ್ಪ, ಬ್ರೇಕ್ ಪೆಡಲ್‌ನ ಗಟ್ಟಿತನ, ಎಣ್ಣೆಯ ಮಟ್ಟ ಇವೈದನ್ನೂ ಪರಿಶೀಲಿಸಬೇಕು. ಪೆಡಲ್ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಬದಲಿಸಿ ಗಾಳಿ ತೆಗೆಸದೆ ಗೇಟು ದಾಟಬಾರದು.

ಕಾರಿಗೆ ಯಾವ ಬದಲಾವಣೆ ಬೇಕು ಎಂಬ ಚರ್ಚೆ ಹವ್ಯಾಸಿಗಳಲ್ಲಿ ಎಂದೂ ಮುಗಿಯದು. ಅದಕ್ಕೊಂದು ಸರಳ ಅಳತೆಗೋಲಿದೆ. ಬೆಳಗಿನ ಮೊದಲ ಸುತ್ತಿಗೆ ಅನುಕೂಲವಾಗುವ ಮಾರ್ಪಾಡು ರಾತ್ರಿ ಕೃಷ್ಣಗಿರಿ ದಾಟುವಾಗಲೂ, ಪಕ್ಕದಲ್ಲಿ ಮನೆಯವರು ಕುಳಿತಾಗಲೂ ಅಷ್ಟೇ ಸುರಕ್ಷಿತವೇ? ಹೌದಾದರೆ ಅದು ಆ ಕಾರಿಗೆ ತಕ್ಕದ್ದು. ಅಲ್ಲವಾದರೆ, ಆ ಮಾರ್ಪಾಡು ಬಯಸುವುದು ಲಾರಿಯ ಮೇಲೆ ಬಂದು ಲಾರಿಯ ಮೇಲೆಯೇ ಮರಳುವ ಬೇರೊಂದು ಕಾರನ್ನು.